ಹಗಲಿನ ಗಂಡ

ಮದುವೆಯಾಗಿ ಆರೇಳು ವರ್ಷ ಕಳೆದರೂ ಮಧ್ಯಾಹ್ನದ ಬೆಳಕಿನಲ್ಲಿ ನನ್ನ ಗಂಡನ ಮುಖ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಈಗಿನ ಹುಡುಗಿಯರಿಗೆ ಇದನ್ನು ಹೇಳಿದರೆ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ನಗಲಿ. ಮೂರು ಹೊತ್ತೂ ಗಂಡ ಕಣ್ಣೆದುರು ಕೂತಿದ್ದರೆ ಅದರ ರುಚಿ ಎಂಥದು ಎಂದು ಅವರಿಗೂ ಒಂದು ದಿನ ಗೊತ್ತಾಗುತ್ತದೆ.

ನಮ್ಮದು ಬಂದರಿನ ಕಡೆಯ ಬ್ಯಾರಿ ಮನೆ. ಆಗ ನಮ್ಮಂಥ ಕೆಲವು ಮನೆಗಳಲ್ಲಿ ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೋಗುತ್ತಿರಲಿಲ್ಲ. ಗಂಡನೇ ಅವಳ ತಾಯಿಯ ಮನೆಗೆ ಬರುತ್ತಿದ್ದ, ಅದೂ ರಾತ್ರಿಯ ನಮಾಜು ಮುಗಿದ ಮೇಲೆ. ಉಂಡು ಮಲಗಿ, ಬೆಳಕು ಹರಿಯುವ ಮೊದಲೇ ಚಾ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಅವನ ಹಗಲು ಅವನ ತಾಯಿಯದು, ಅಕ್ಕತಂಗಿಯರದು, ವ್ಯಾಪಾರದ್ದು. ಎಷ್ಟು ವರ್ಷವಾದರೂ ಹೆಂಡತಿಯ ಮನೆಯಲ್ಲಿ ಅವನು ಪುದಿಯಾಪ್ಳ, ಎಂದರೆ ಮದುಮಗ. ಹಲ್ಲು ಉದುರಿದ ಮದುಮಗಂದಿರನ್ನು ನಾನು ನೋಡಿದ್ದೇನೆ.

ಪ್ರತಿ ಪುದಿಯಾಪ್ಳನಿಗೂ ಒಂದು ಕೋಣೆ. ನನ್ನ ಗಂಡನದ್ದು ಮಾಳಿಗೆಯಲ್ಲಿತ್ತು. ಬೀಟಿ ಮರದ ಮಂಚ, ಬಿಳಿ ಸೊಳ್ಳೆಪರದೆ, ನಿಲುಗನ್ನಡಿ, ಹೊಳೆಯ ಕಡೆಗೆ ತೆರೆಯುವ ಒಂದು ಕಿಟಕಿ. ಹಗಲು ಅದಕ್ಕೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಕೆಳಗೆ ನನ್ನ ತಾಯಿ ಉಮ್ಮ, ಉಮ್ಮನ ತಂಗಿಯರು, ನನ್ನ ಅಕ್ಕಂದಿರು, ಅವರ ಮಕ್ಕಳು, ಬಂದು ಹೋಗುವ ನೆಂಟರು ಎಂದು ದಿನವಿಡೀ ಸಂತೆ. ಊಟವಾದ ಮೇಲೆ ನಾನು, "ಕೋಣೆ ಗುಡಿಸಿ ಬರ್ತೇನೆ" ಎಂದು ಮೇಲೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದೆ. ಅಷ್ಟು ಗುಡಿಸಿದ ಕೋಣೆ ಮಂಗಳೂರಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ಐದನೇ ಕ್ಲಾಸಿನ ತನಕ ಕಲಿತ ಕನ್ನಡವನ್ನು ನಾನು ಉಳಿಸಿಕೊಂಡದ್ದು ಆ ಮಂಚದ ಮೇಲೆ ಕಾಲು ಚಾಚಿ, ಅಂಗಡಿಯಿಂದ ಸಾಮಾನು ಕಟ್ಟಿ ಬಂದ ಹಳೆಯ ಪತ್ರಿಕೆಗಳನ್ನು ಓದಿ. ಅರ್ಧ ಕಥೆಗಳು, ಮುಂದಿನ ಪುಟದಲ್ಲಿ ಇನ್ಯಾರದೋ ಮನೆಯ ಜೀರಿಗೆ. ಪರವಾಗಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳುವ ತನಕ ಆ ಹೊತ್ತು ನನ್ನದು. ಯಾರೂ ಬಾಗಿಲು ತಟ್ಟುತ್ತಿರಲಿಲ್ಲ, ಪುದಿಯಾಪ್ಳನ ಕೋಣೆ ಎಂಬ ಮರ್ಯಾದೆ. ಹೀಗೆ ಆ ಕೋಣೆ ರಾತ್ರಿ ಅವರದಾಗಿತ್ತು, ಹಗಲು ನನ್ನದಾಗಿತ್ತು. ಇಷ್ಟು ಸಣ್ಣ ವಿಷಯ ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ ನೋಡಿ.

ಅವರು ಬರುವಾಗ ಮೆಟ್ಟಿಲ ಬುಡದಲ್ಲಿ ಒಮ್ಮೆ ಕೆಮ್ಮುತ್ತಿದ್ದರು. ಹೆಂಗಸರೆಲ್ಲ ತಲೆಗೆ ಸೆರಗು ಎಳೆದುಕೊಂಡು ಒಳಗೆ ಸರಿಯುತ್ತಿದ್ದರು. ಊಟ ಮೇಲಕ್ಕೇ ಹೋಗುತ್ತಿತ್ತು. ಉಮ್ಮ ನಮಗೆಲ್ಲ ಅಗ್ಗದ ಬೂತಾಯಿ ಬಡಿಸಿ ದುಬಾರಿಯ ಅಂಜಲ್ ಮೀನಿನ ತುಂಡನ್ನು ಅವರಿಗೆ ಎತ್ತಿಡುತ್ತಿದ್ದರು. ಅವರು ಸದ್ದಿಲ್ಲದೆ ಉಂಡು, ತಟ್ಟೆಯಲ್ಲಿ ಸ್ವಲ್ಪ ಬಿಟ್ಟು ಏಳುತ್ತಿದ್ದರು. ಮರ್ಯಾದೆಯ ಪುದಿಯಾಪ್ಳ ತಟ್ಟೆ ಬರಿದು ಮಾಡಬಾರದು, ಸ್ವರ ಎತ್ತಬಾರದು, ಇಂಥದು ಬೇಕೆಂದು ಕೇಳಬಾರದು, ಹೆಂಡತಿಯ ಮನೆಯವರು ಹೇಳಿದ್ದಕ್ಕೆ ಇಲ್ಲ ಎನ್ನಬಾರದು. ನನ್ನ ಗಂಡ ಇದರಲ್ಲೆಲ್ಲ ಫಸ್ಟ್ ಕ್ಲಾಸ್. "ಇಂಥ ಅಳಿಯ ಏಳು ಊರು ಹುಡುಕಿದರೂ ಸಿಕ್ಕಲಿಕ್ಕಿಲ್ಲ" ಎಂದು ಉಮ್ಮ ಹೇಳುತ್ತಿದ್ದರು. ನನ್ನ ಹತ್ತಿರವೂ ಅವರು ಮೆಲ್ಲನೆಯೇ ಮಾತಾಡುತ್ತಿದ್ದರು. ಆ ಮೆಲುದನಿಯನ್ನು ನಾನು ಪ್ರೀತಿ ಎಂದು ತಿಳಿದುಕೊಂಡಿದ್ದೆ. ಪ್ರೀತಿಯೂ ಇದ್ದಿರಬಹುದು. ಮಕ್ಕಳಾಗಲಿಲ್ಲ ಎಂದು ಒಂದು ದಿನವೂ ಚುಚ್ಚಿದವರಲ್ಲ. ಆ ವಿಷಯ ಇಲ್ಲಿಗೆ ಸಾಕು, ಅದರ ಬಗ್ಗೆ ಮಾತಾಡಲು ಊರಿನಲ್ಲಿ ಬೇಕಷ್ಟು ಬಾಯಿಗಳಿದ್ದವು.

ಮಂಗಳೂರು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಸ್ವಲ್ಪ ಸಮಯವಾಗಿತ್ತು. ಒಂದು ಬೆಳಿಗ್ಗೆ ಉಮ್ಮನೂ ನಾನೂ ಬುರ್ಖಾ ಹಾಕಿಕೊಂಡು ಕುದ್ರೋಳಿಯ ಮದುವೆಯೊಂದಕ್ಕೆ ಜಟಕಾದಲ್ಲಿ ಹೊರಟಿದ್ದೆವು. ದೋಣಿಗಳು ಬಂದು ನಿಲ್ಲುವ ದಕ್ಕೆಯ ಹತ್ತಿರ, ಹಂಚು ಹೇರಿದ ಎತ್ತಿನಗಾಡಿ ಅಡ್ಡ ನಿಂತು ನಮ್ಮ ಜಟಕಾ ನಿಂತಿತು. ನನ್ನ ಗಂಡನಿಗೆ ದಲ್ಲಾಳಿ ಕೆಲಸ. ಮಂಜಿಗಳಿಗೆ, ಅಂದರೆ ಹಾಯಿ ಕಟ್ಟಿ ಸಾಮಾನು ಸಾಗಿಸುವ ಆ ದೊಡ್ಡ ದೋಣಿಗಳಿಗೆ, ಹಂಚು ತುಂಬಿಸುವ ವ್ಯಾಪಾರದ ಮಾತು ಕುದುರಿಸುವುದು. ಹಾಗಾಗಿ ಅವರು ಅಲ್ಲಿದ್ದದ್ದು ಆಶ್ಚರ್ಯವಲ್ಲ. ಹಗ್ಗದ ಸುರುಳಿಯ ಮೇಲೆ ಲುಂಗಿ ಎತ್ತಿ ಕಟ್ಟಿ ಕೂತಿದ್ದರು, ಸುತ್ತ ನಾಲ್ಕೈದು ಮಂದಿ ಗೆಳೆಯರು. ಏನೋ ಹೇಳಿ, ತಾವೇ ತಲೆ ಹಿಂದಕ್ಕೆ ಎಸೆದು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಈ ಮನುಷ್ಯ ಇಷ್ಟು ನಗುತ್ತಾನಾ? ನನಗೆ ಸಿಕ್ಕಿದ್ದು ಇವನ ಸಿಪ್ಪೆ ಮಾತ್ರವಾ?

"ಉಮ್ಮಾ, ಅಲ್ಲಿ ನೋಡಿ, ನಮ್ಮವರು!" ಎಂದೆ.

"ಹಗಲು ಅವರು ನಮ್ಮವರಲ್ಲ. ಮುಖ ಆಚೆ ಮಾಡು" ಎಂದರು ಉಮ್ಮ.

ನಾನು ಆಚೆ ಮಾಡಲಿಲ್ಲ. ಮನೆಗೆ ಬಂದ ಮೇಲೂ ಅದೇ ಧ್ಯಾನ. ನನಗೆ ಆ ಹಗಲಿನ ಮನುಷ್ಯ ಬೇಕು. ಅವರ ತಾಯಿಗೆ, ಗೆಳೆಯರಿಗೆ, ಮಂಜಿಯ ಕೂಲಿಗಳಿಗೆ ಸಿಗುವವರು ನನಗೆ ಯಾಕೆ ಸಿಗಬಾರದು? ನಾವಿಬ್ಬರೇ ಬೇರೆ ಮನೆ ಮಾಡಿದರೆ ಪೂರ್ತಿ ಗಂಡ ಸಿಗುತ್ತಾನೆ ಎಂದು ಲೆಕ್ಕ ಹಾಕಿದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವಳೇ ನಾನು.

ಬೇರೆ ಮನೆ ಮಾಡೋಣ ಎಂದು ಅವರಿಗೆ ಹೇಳಿದೆ.

"ಎಂತಕ್ಕೆ? ಇಲ್ಲಿ ಎಂತ ಕಮ್ಮಿ ಉಂಟು?"

"ಹಗಲು ನೀವು ಕಮ್ಮಿ. ನನಗೆ ಹಗಲೂ ನಿಮ್ಮೊಟ್ಟಿಗೆ ಇರ್ಬೇಕು."

ಅವರು ಎದ್ದು ಹೋಗಿ ಕಿಟಕಿಯ ಚಿಲಕ ಹಾಕಿದರು. ಆಮೇಲೆ, "ನಿನಗೆ ಬೇಕಾದ್ರೆ ಆಗ್ಲಿ" ಎಂದರು. ನಾನು ಗೆದ್ದೆ ಎಂದುಕೊಂಡೆ. ಅಲ್ಲಿಂದ ಮುಂದೆ ನಾನು ಅವರನ್ನು ಬಿಡಲಿಲ್ಲ. ಅವರ ತಾಯಿ ಮುನಿಸಿಕೊಂಡರು, ನನ್ನನ್ನು ಮಾಟಗಾತಿ ಎಂದರು. ನನ್ನ ಮನೆಯಲ್ಲಿ ಅಕ್ಕಂದಿರು ಮುಸಿಮುಸಿ ನಕ್ಕರು. ಕಡೆಗೆ ಜೆಪ್ಪುವಿನಲ್ಲಿ ಒಂದು ಬಾಡಿಗೆ ಮನೆ ಗೊತ್ತಾಯಿತು.

ಹೊರಡುವ ವಾರ ಉಮ್ಮ ನನ್ನನ್ನು ಅಡುಗೆಮನೆಗೆ ಕರೆದರು. ನನ್ನ ಕಿರಿಯ ತಂಗಿಯ ನಿಕಾಹ್ ನಿಶ್ಚಯವಾಗಿತ್ತು.

"ನೀನು ಹೋದ್ರೆ ನಿನ್ನ ಕೋಣೆ ತಂಗಿಗೆ. ಇನ್ನೊಬ್ಬ ಪುದಿಯಾಪ್ಳ ಮಲಗಿದ ಮಂಚವನ್ನು ಮತ್ತೆ ವಾಪಸ್ ಕೇಳ್ಲಿಕ್ಕೆ ಆಗುವುದಿಲ್ಲ. ಗೊತ್ತುಂಟಲ್ಲ?"

"ನನಗೆ ಕೋಣೆ ಎಂತಕ್ಕೆ ಉಮ್ಮಾ? ನನಗೆ ಮನೆಯೇ ಉಂಟಲ್ಲ" ಎಂದು ಬೀಗದ ಕೈಯನ್ನು ಸೊಂಟದಿಂದ ತೆಗೆದು ತಂಗಿಯ ಮಡಿಲಿಗೆ ಎಸೆದೆ. ಎಂಥ ಜಂಬ! ಬೇರೆ ಯಾವ ಜಾತಿಯ ಹೆಂಗಸೂ ಈ ತಪ್ಪು ಮಾಡಲಿಕ್ಕಿಲ್ಲ, ಅವರಿಗೆ ಕೊಡಲು ಇಂಥ ಕೋಣೆಯೇ ಇರುವುದಿಲ್ಲ. ನಮ್ಮಲ್ಲಿ ಕೋಣೆ ಇಲ್ಲದ ಮಗಳಿಗೆ ತಾಯಿಮನೆ ಇಲ್ಲ. ಗಂಡ ಬಂದು ತಂಗಲು ಜಾಗವಿಲ್ಲದ ಮೇಲೆ ಅವಳು ಬಂದು ಉಳಿದರೆ, ಬಿಟ್ಟು ಬಂದವಳು ಎಂದೇ ಊರು ತಿಳಿಯುವುದು.

ಜೆಪ್ಪುವಿನ ಮನೆಗೆ ಎದುರು ಒಂದು ಜಗಲಿ, ಒಳಗೆ ಎರಡು ಕೋಣೆ, ಹಿಂದೆ ಅಡುಗೆಮನೆ. ಬಾವಿ ನಮಗೂ ನೆರೆಮನೆಯವರಿಗೂ ಸೇರಿ ಒಂದೇ. ನೆರೆಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ನಾನು ಬಾಯಿ ಎಂದು ಕರೆಯುತ್ತಿದ್ದೆ, ಅವರ ಗಂಡ ಹಂಚಿನ ಫ್ಯಾಕ್ಟರಿಯಲ್ಲಿ. ಫ್ಯಾಕ್ಟರಿಯ ಸೈರನ್ನು, ಇಗರ್ಜಿಯ ಗಂಟೆ, ದೂರದ ಮಸೀದಿಯಿಂದ ಬಾಂಗು, ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಮೊದಲ ಮಧ್ಯಾಹ್ನ ಅವರು ದಕ್ಕೆಯಿಂದ ನೇರ ಮನೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತು ಅವರ ಮುಖವನ್ನು ನೋಡಿದೆ. ಎಡಗೆನ್ನೆಯಲ್ಲಿ ಸಿಡುಬಿನ ಕಲೆಗಳಿದ್ದವು. ಚಿಮಿಣಿ ದೀಪದ ಬೆಳಕಿನಲ್ಲಿ ಅವು ನನಗೆ ಕಂಡೇ ಇರಲಿಲ್ಲ. ಮುಟ್ಟಿ ನೋಡಿದೆ. ಆ ದಿನ ನನಗಾದಷ್ಟು ಸಂತೋಷ ನಿಕಾಹಿನ ದಿನವೂ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅದು ಒಂದು ಮಳೆಗಾಲದ ತನಕ ನಡೆಯಿತು. ಆಮೇಲೆ ನನಗೆ ಉಸಿರು ಕಟ್ಟಲು ಸುರುವಾಯಿತು.

ಮೊದಲು ಅವರು ಊಟವನ್ನು ತಾಯಿಯ ಮನೆಯಲ್ಲಿ ಮುಗಿಸಿ, ಅಲ್ಲೇ ಮಲಗಿ ಎದ್ದು, ಸಂಜೆ ದಕ್ಕೆಯಲ್ಲಿ ಗೆಳೆಯರೊಟ್ಟಿಗೆ ಹರಟೆ ಹೊಡೆದು, ನಮಾಜು ಮುಗಿಸಿ ಬರುತ್ತಿದ್ದರು. ಈಗ ಅದನ್ನೆಲ್ಲ ಬಿಟ್ಟಿದ್ದರು. ಹೊತ್ತು ನೆತ್ತಿಗೇರುವಾಗ ಮನೆಗೆ ಬಂದರೆ ಮುಗಿಯಿತು, ಮರುದಿನ ಬೆಳಿಗ್ಗೆಯ ತನಕ ಹೊರಗೆ ಕಾಲಿಡುವುದಿಲ್ಲ. ಬರಿದೇ ಮನೆಯಲ್ಲಿರುವುದಲ್ಲ, ನನ್ನೊಟ್ಟಿಗೆ ಇರುವುದು. ನಾನು ಮೀನು ಕೊಯ್ಯಲು ಕೂತರೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂರುತ್ತಿದ್ದರು. ಬಾವಿಕಟ್ಟೆಗೆ ಹೋದರೆ ಹಿಂದೆಯೇ ಬಂದು ಹಗ್ಗ ಹಿಡಿಯುತ್ತಿದ್ದರು. ನಾನು ಅಡ್ಡಾದರೆ ಅವರೂ ಅಡ್ಡಾಗುತ್ತಿದ್ದರು, ಎದ್ದರೆ ಎದ್ದು ಕೂರುತ್ತಿದ್ದರು. ಸುಮ್ಮನೆ ಕೂತರೆ, "ಎಂತ ಆಲೋಚನೆ?" ಎಂದು ಕೇಳುತ್ತಿದ್ದರು. ಏನೂ ಇಲ್ಲ ಎಂದರೆ, "ಎಂತದಾದ್ರೂ ಇರ್ತದಲ್ಲ?" ಪತ್ರಿಕೆ ಹಿಡಿದರೆ, "ಎಂತ ಬರೆದಿದ್ದಾರೆ? ನನಗೂ ಹೇಳು." ಅಯ್ಯೋ ಪಡೆದವನೇ, ಮೊದಲ ಸಾಲನ್ನಾದರೂ ಮುಗಿಸಲು ಬಿಡಿ!

ಆ ಮನೆಯಲ್ಲಿ ನಾನೊಬ್ಬಳೇ ಇರಬಹುದಾದ ಜಾಗ ಎಂದರೆ ಹಿತ್ತಿಲ ಮೂಲೆಯ ಕಕ್ಕಸು. ನಾಚಿಕೆ ಬಿಟ್ಟು ಬರೆಯುತ್ತೇನೆ, ಬೇಕಾಗಿಯೂ ಬೇಡವಾಗಿಯೂ ನಾನು ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ತಗಡಿನ ಬಾಗಿಲು ಎಳೆದುಕೊಂಡು, ಮೂಗಿಗೆ ಸೆರಗು ಕಟ್ಟಿ, ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ. ಮಾಳಿಗೆಯ ಗಾಳಿ ಬೆಳಕಿನ ಕೋಣೆಯನ್ನು ಎಸೆದು ಬಂದ ರಾಣಿಯ ಅರಮನೆ ಅದು! ಅಲ್ಲಿಗೂ ಹಿಂಬಾಗಿಲಿನಿಂದ ಅವರ ಸ್ವರ ಬರುತ್ತಿತ್ತು. "ಹೊಟ್ಟೆ ಸರಿ ಇಲ್ವಾ? ಓಮದ ನೀರು ಮಾಡ್ಲಾ?"

ಹೊಡೆಯುವ ಗಂಡನಾಗಿದ್ದರೆ ಯಾರಿಗಾದರೂ ಹೇಳಬಹುದಿತ್ತು. ಕುಡಿಯುವವನಾಗಿದ್ದರೆ, ಹೆಂಗಸರ ಚಟದವನಾಗಿದ್ದರೆ ಹೇಳಬಹುದಿತ್ತು. ಓಮದ ನೀರು ಮಾಡಿಕೊಡುವ ಗಂಡನ ಮೇಲೆ ಎಂತ ದೂರು ಕೊಡುವುದು? ನೆರೆಮನೆಯ ಬಾಯಿ ನನ್ನ ಗಂಡನನ್ನು ಬ್ಯಾರಿಗಳು ಎಂದೇ ಕರೆಯುವವರು, ಬಾವಿಕಟ್ಟೆಯಲ್ಲಿ ದಿನಾ ಹೇಳುತ್ತಿದ್ದರು, "ನಿಮ್ಮ ಬ್ಯಾರಿಗಳು ಎಷ್ಟು ಒಳ್ಳೆಯವರು ಮಾರಾಯ್ತಿ! ನಮ್ಮವರಿಗೆ ಫ್ಯಾಕ್ಟರಿ ಬಿಟ್ಟರೆ ಇಸ್ಪೀಟು. ನಿಮ್ಮವರು ನಿಮ್ಮ ಸೆರಗು ಬಿಡುವುದಿಲ್ಲ. ಪುಣ್ಯ ಮಾಡಿದ್ದೀರಿ." ಆ ಇಸ್ಪೀಟು ಆಡುವ ಗಂಡನ ಮೇಲೆ ನನಗೆ ಆಸೆಯಾಗುತ್ತಿತ್ತು. ಗಂಡನ ಮೇಲೆ ಅಲ್ಲ, ಅವನು ಮನೆಯಲ್ಲಿ ಇಲ್ಲದಿರುವುದರ ಮೇಲೆ.

ಮತ್ತೆ ಆ ನಗು? ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದು ಜೆಪ್ಪುವಿನ ಮನೆಗೆ ಬರಲೇ ಇಲ್ಲ. ದಕ್ಕೆಯಿಂದ ಮನುಷ್ಯನನ್ನು ಮಾತ್ರ ಎಳೆದು ತಂದಿದ್ದೆ. ಸ್ಟೂಲಿನ ಮೇಲೆ ಕೂತು ಅವರು ಮೆಲ್ಲನೆ ಮಾತಾಡುತ್ತಿದ್ದರು, ತಟ್ಟೆಯಲ್ಲಿ ಸ್ವಲ್ಪ ಬಿಟ್ಟೇ ಏಳುತ್ತಿದ್ದರು. ನನ್ನ ಕೈಯಡುಗೆ ಅವರಿಗೆ ಹಿಡಿಸಲಿಲ್ಲ ಎಂದು ಅದಕ್ಕೂ ನಾನು ಉರಿಯುತ್ತಿದ್ದೆ. ವರ್ಷ ಕಳೆದಂತೆ ನನ್ನ ಬಾಯಿ ಹರಿತವಾಯಿತು. ನಾನು ಚುಚ್ಚಿದಷ್ಟೂ ಅವರು ಹತ್ತಿರ ಬಂದು ಕೂರುತ್ತಿದ್ದರು. ಇದು ಯಾವ ಸೀಮೆಯ ಪ್ರೀತಿ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ಹೆಂಡತಿಯನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳುವ ಸಂಶಯದ ಪಿಶಾಚಿ ಇರಬಹುದು ಎಂದು ತೀರ್ಮಾನ ಮಾಡಿದೆ. ಹಾಗೆ ತೀರ್ಮಾನ ಮಾಡಿದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಾಯಿತು.

ತಂಗಿಯ ಹೆರಿಗೆಯ ನೆವ ಹೇಳಿ ಒಮ್ಮೆ ಬಂದರಿನ ಮನೆಗೆ ಹೋದೆ. ಹೋದವಳು ವಾಪಸು ಬರುವ ಮಾತೆತ್ತಲಿಲ್ಲ. ಮಾಳಿಗೆಯ ಕೋಣೆಯಲ್ಲಿ ತಂಗಿಯ ಗಂಡನ ಟ್ರಂಕು, ಅವನ ಅತ್ತರಿನ ವಾಸನೆ. ನಾನು ಕೆಳಗೆ ಹೆಂಗಸರ ಸಾಲಿನಲ್ಲಿ ಚಾಪೆ ಹಾಕಿ ಮಲಗಿದೆ, ಹಗಲು ತಂಗಿಯ ಕೂಸಿನ ಬಟ್ಟೆ ಒಗೆದೆ. ನನ್ನ ಗಂಡ ದಿನಾ ರಾತ್ರಿ ನಮಾಜು ಮುಗಿಸಿ ಬಂದು, ಮೇಲೆ ಹೋಗಲು ಕೋಣೆಯಿಲ್ಲದೆ, ಜಗಲಿಯ ಬೆಂಚಿನಲ್ಲಿ ಕೂತು ಒಂದು ಚಾ ಕುಡಿದು ಜೆಪ್ಪುವಿಗೆ ನಡೆದು ಹೋಗುತ್ತಿದ್ದರು. ಚಾ ಕೊಡಲು ನಾನು ಹೋದರೆ ಅಕ್ಕಂದಿರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಹತ್ತು ಹದಿನೈದು ದಿನ ಕಳೆದ ಮೇಲೆ ಉಮ್ಮ ಹೇಳಿದರು.

"ಗಂಡನಿಗೂ ನಿನಗೂ ಆಗಿಬರುವುದಿಲ್ಲ ಅಂತ ಕುದ್ರೋಳಿಯ ತನಕ ಸುದ್ದಿ ಹೋಗಿ ಆಯ್ತು. ನಾಳೆಯೇ ಹೊರಡು."

"ಆ ಹಿಂದಿನ ಉಗ್ರಾಣ ಖಾಲಿ ಉಂಟಲ್ಲ ಉಮ್ಮಾ, ಅದನ್ನು ನಮಗೆ ಕೊಡಿ."

"ಉಗ್ರಾಣದಲ್ಲಿ ಪುದಿಯಾಪ್ಳನನ್ನು ಮಲಗಿಸಿದ್ರು ಅಂತ ನನ್ನ ಮುಖಕ್ಕೆ ಮಸಿ ಬಳಿಯುತ್ತಿಯಾ? ಮನೆ ಬೇಕು ಅಂತ ಹಟ ಹಿಡಿದವಳು ನೀನು. ಮಾಡಿದ್ದುಣ್ಣೋ ಮಹರಾಯ."

ಮರುದಿನ ಜೆಪ್ಪುವಿಗೆ ಬಂದೆ. ಅವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಕಾಲಿಡುವ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಕಾಣಿಸಿತು.

ಅದಾಗಿ ಮತ್ತೂ ಕೆಲವು ವರ್ಷ ಎಳೆಯಿತು. ಅಷ್ಟರಲ್ಲಿ ಅವರ ತಾಯಿ ತೀರಿಕೊಂಡರು. ಆ ಮನೆಯಲ್ಲಿ ಈಗ ಅವರ ತಂಗಿಯರ ಪುದಿಯಾಪ್ಳರು ಬರುತ್ತಿದ್ದರು, ಅಣ್ಣನಾದವನು ಹೋದರೆ ಕುಡಿಯಲು ಬೆಲ್ಲ ನೀರು ಕೊಟ್ಟು ಯಾವಾಗ ಹೊರಡುತ್ತೀರಿ ಎನ್ನುವಂತೆ ನೋಡುತ್ತಿದ್ದರಂತೆ.

ಸೆಕೆಗಾಲದ ಒಂದು ಮಧ್ಯಾಹ್ನ ಸಾಮಾನು ಕಟ್ಟಿ ಬಂದ ಪತ್ರಿಕೆಯಲ್ಲಿ ಒಂದು ಕಥೆ ಪೂರ್ತಿ ಸಿಕ್ಕಿತ್ತು. ಎಷ್ಟೋ ಸಮಯದ ಮೇಲೆ ತಲೆ, ಬಾಲ ಎರಡೂ ಇದ್ದ ಕಥೆ. ಒಲೆ ಆರಿಸಿ, ಗೋಡೆಗೆ ಒರಗಿ ಕೂತು ಓದುತ್ತಿದ್ದೆ. ಕಥೆ ಮುಗಿಯಲು ನಾಲ್ಕು ಗೆರೆ ಇರುವಾಗ ಸ್ಟೂಲು ಕಿರ್ ಎಂದಿತು.

"ಎಂತ ಓದ್ತಿ? ನನಗೂ ಹೇಳು."

ಪತ್ರಿಕೆಯನ್ನು ಮುದ್ದೆ ಮಾಡಿ ಒಲೆಗೆ ಎಸೆದೆ.

"ನಿಮಗೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ವಾ? ಮಧ್ಯಾಹ್ನದಿಂದ ರಾತ್ರಿಯ ತನಕ ಎಂತ ಕಾವಲು ಇದು? ನಾನೆಂತ ಓಡಿ ಹೋಗ್ತೇನಾ? ಸಾಕಾಯ್ತು ನನಗೆ! ನಿಮ್ಮ ಮುಖ ನೋಡಿ ನೋಡಿ ಸಾಕಾಯ್ತು!"

ಬಾವಿಕಟ್ಟೆಯ ತನಕ ಕೇಳಿರಬೇಕು. ಅವರು ಸಿಟ್ಟಾಗಲಿಲ್ಲ. ಲೆಕ್ಕ ತಪ್ಪಿದ ಮನುಷ್ಯನಂತೆ ನನ್ನನ್ನೇ ನೋಡಿದರು.

"ನೀನಲ್ವಾ ಕೇಳಿದ್ದು?" ಎಂದರು. "ಹಗಲೂ ನಿಮ್ಮೊಟ್ಟಿಗೆ ಇರ್ಬೇಕು ಅಂತ."

"ಅದಕ್ಕೆ?"

"ಅದಕ್ಕೆ ಕೂತಿದ್ದೇನೆ. ನನಗೆಂತ ಖುಷಿಯಾ ಈ ಸ್ಟೂಲಿನಲ್ಲಿ ಕೂತ್ಕೊಳ್ಳುವುದು? ಹೊಗೆಗೆ ಕಣ್ಣು ಉರೀತದೆ. ದಕ್ಕೆಯಲ್ಲಿ ಎಲ್ಲರೂ ಹೆಂಡತಿಯ ಗುಲಾಮ ಅಂತ ಹೇಳಿ ನಗಾಡಿದ್ರು. ಆದ್ರೂ ಬಂದೆ. ನಿನಗೆ ಬೇಕು ಅಂತ. ನೀನು ಬೈದಾಗೆಲ್ಲ, ನಾನು ಇರುವುದು ಸಾಕಾಗ್ತಾ ಇಲ್ಲ ಅಂತ ಇನ್ನೂ ಹತ್ತಿರ ಕೂತೆ."

ನಾನು ಎದ್ದು ನಿಂತೆ.

"ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿಮಗೆ?"

"ಹೆಂಡತಿಯ ಮನೆಯಲ್ಲಿ ಇಲ್ಲ ಅಂತ ಹೇಳ್ಲಿಕ್ಕುಂಟಾ?"

"ಇದು ನನ್ನ ಮನೆಯಾ? ಇದು ನಮ್ಮ ಮನೆ!"

"ಅದು ನನಗೆ ಯಾರು ಹೇಳಿದ್ರು? ಕೇಳಿದ್ದು ನೀನು, ಹುಡುಕಿದ್ದು ನೀನು. ನೀನು ಕರೆದಲ್ಲಿಗೆ ನಾನು ಬಂದೆ. ಅಲ್ಲಿಯೂ ಪುದಿಯಾಪ್ಳ, ಇಲ್ಲಿಯೂ ಪುದಿಯಾಪ್ಳ."

ಅವರ ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ನಾನು ಅಂದೂ ಅಂದೆ, ಇಂದೂ ಅನ್ನುತ್ತೇನೆ. ಅಷ್ಟು ವರ್ಷ ಅವರು ನನಗಾಗಿ ಸ್ಟೂಲಿನಲ್ಲಿ ಕೂತಿದ್ದರು, ನಾನು ಅವರಿಗಾಗಿ ಸಹಿಸಿಕೊಂಡಿದ್ದೆ. ಒಬ್ಬರಿಗೂ ಬೇಡದ ಊಟವನ್ನು ಇಬ್ಬರೂ ಬಡಿಸಿಕೊಂಡು ಉಂಡ ಹಾಗೆ. ನನ್ನನ್ನು ಕಾವಲು ಕಾಯುತ್ತಾರೆ ಎಂದು ಸಿಟ್ಟಾದರೂ ಇತ್ತಲ್ಲ, ಅಷ್ಟಾದರೂ ನಾನು ಬೇಕಲ್ಲ ಎಂದು ಒಳಗೊಳಗೇ ಒಂದು ಹೆಮ್ಮೆ ಇತ್ತು. ಅದೂ ಹೋಯಿತು. ನಾನು ಅವರಿಗೆ ಒಂದು ಡ್ಯೂಟಿ. ಬೆಳಿಗ್ಗೆ ಹಂಚಿನ ಮಾತು, ಮಧ್ಯಾಹ್ನದಿಂದ ನನ್ನ ಕೆಲಸ.

ಆಗ ಸೋತು ಇಬ್ಬರೂ ನಕ್ಕುಬಿಟ್ಟಿದ್ದರೆ ಬದುಕು ಬೇರೆಯಾಗುತ್ತಿತ್ತೋ ಏನೋ. ನನಗೆ ನಗು ಬರಲಿಲ್ಲ.

"ಹಾಗಾದ್ರೆ ಹೋಗಿ. ಮೊದಲಿನ ಹಾಗೆ ಹಗಲು ಹೋಗಿ, ರಾತ್ರಿ ಬನ್ನಿ. ನಿಮಗೂ ಸುಖ, ನನಗೂ ಸುಖ."

"ಆಯ್ತು" ಎಂದರು. ನನ್ನ ಉಮ್ಮನಿಗೆ ಹೇಳುತ್ತಿದ್ದರಲ್ಲ, ಅದೇ ಆಯ್ತು.

ಮರುದಿನ ಬೆಳಿಗ್ಗೆ ಚಾ ಕುಡಿದು, ಟೋಪಿ ಇಟ್ಟುಕೊಂಡು ಹೊರಟರು. ಮಧ್ಯಾಹ್ನ ಬರಲಿಲ್ಲ. ನಾನು ಸ್ಟೂಲನ್ನು ಎತ್ತಿ ಹಿತ್ತಿಲಿಗೆ ಇಟ್ಟೆ. ಚಾಪೆ ಹಾಕಿ ಕಾಲು ಚಾಚಿದೆ. ಸುಖವಾಗಿಯೇ ಇತ್ತು, ಯಾಕೆ ಇಲ್ಲ ಎನ್ನಲಿ. ರಾತ್ರಿ ನಮಾಜು ಮುಗಿಸಿ ಬಂದರು, ಉಂಡರು, "ಸಾರು ಒಳ್ಳೆಯದಾಗಿದೆ" ಎಂದರು. ಮರುದಿನವೂ ಹಾಗೆ. ಮತ್ತೂ ಹಾಗೆ. ಹಳೆಯ ಗೆಳೆಯರ ಹತ್ತಿರ ಹೋಗುತ್ತಿರಬೇಕು ಎಂದುಕೊಂಡೆ.

ಸ್ವಲ್ಪ ದಿನ ಕಳೆದ ಮೇಲೆ ಬಾವಿಕಟ್ಟೆಯಲ್ಲಿ ಬಾಯಿ ಕೇಳಿದರು, "ನಿಮ್ಮಲ್ಲಿಗೆ ಯಾರಾದ್ರೂ ಬರುವವರಿದ್ದಾರಾ? ನಿಮ್ಮ ಬ್ಯಾರಿಗಳು ದಿನಾ ರೈಲ್ವೆ ಸ್ಟೇಷನ್ನಿನಲ್ಲಿ ಕೂತಿರ್ತಾರೆ ಅಂತ ನಮ್ಮವರು ಹೇಳಿದ್ರು. ಮದ್ರಾಸಿನ ಗಾಡಿ ಹೋದ ಮೇಲೂ ಕೂತಿರ್ತಾರಂತೆ."

"ಹೌದು, ನೆಂಟರು ಬರುವವರಿದ್ದಾರೆ" ಎಂದೆ. ಕೊಡಪಾನ ಎತ್ತಿಕೊಂಡು ಒಳಗೆ ಬಂದೆ.

ಆಗ ಹೊಳೆಯಿತು, ಅವರಿಗೆ ಹೋಗಲು ಎಲ್ಲಿಯೂ ಜಾಗವಿರಲಿಲ್ಲ. ತಾಯಿಯ ಮನೆ ತಂಗಿಯರದು. ಹೆಂಡತಿಯ ತಾಯಿಯ ಮನೆಯ ಕೋಣೆ ಇನ್ನೊಬ್ಬನದು. ನನಗೆ ನನ್ನ ಮನೆ ಉಂಟು ಎಂದು ಹೇಳಿ ಬಿಟ್ಟು ಬಂದ ಗೆಳೆಯರ ಎದುರು ಮತ್ತೆ ಹೋಗಿ ಕೂರಲು ಯಾವ ಗಂಡಸಿಗೆ ಮನಸ್ಸಾಗುತ್ತದೆ? ಪಾಪ ಅನ್ನಿಸಿತು. ಮರುಕ್ಷಣ ಕಿಚ್ಚೂ ಹತ್ತಿತು. ಸ್ಟೇಷನ್ನಿನ ಬೆಂಚಂತೆ! ಸವತಿ ಬಂದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಹೆಂಗಸಾದರೆ ಜುಟ್ಟು ಹಿಡಿದು ಜಗಳವಾಡಬಹುದು. ಮರದ ಬೆಂಚಿನ ಹತ್ತಿರ ಎಂತ ಜಗಳ?

ಅನ್ನಕ್ಕಿಟ್ಟು, ಮೀನು ಹುರಿದು, ಬುರ್ಖಾ ಹಾಕಿಕೊಂಡು ಸ್ಟೇಷನ್ನಿಗೆ ನಡೆದೆ. ಅವರು ತುದಿಯ ಬೆಂಚಿನಲ್ಲಿ, ಚಪ್ಪಲಿ ಕಳಚಿಟ್ಟು, ಕಾಲು ಮೇಲೆ ಮಡಚಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದರು. ಮುಖ ನೀರು ಚಿಮುಕಿಸಿದ ಹಾಗೆ ತಂಪಾಗಿತ್ತು. ಅಷ್ಟು ವರ್ಷದಲ್ಲಿ ನನ್ನ ಮನೆಯಲ್ಲಿ ಅವರು ಕಾಲು ಮಡಚಿ ಕೂತದ್ದನ್ನು ನಾನು ನೋಡಿರಲಿಲ್ಲ. ನನ್ನನ್ನು ಕಂಡು ಕಾಲು ಕೆಳಗಿಳಿಸಿ, ಬದಿಗೆ ಸರಿದು ಜಾಗ ಮಾಡಿಕೊಟ್ಟರು.

"ಎಂತ ಬಂದದ್ದು? ಎಲ್ಲ ಸೌಖ್ಯ ಉಂಟಲ್ಲ?"

"ಮನೆಗೆ ಬನ್ನಿ. ಅನ್ನ ಆಗಿದೆ."

"ಇಲ್ಲಿ ಗಾಳಿ ಉಂಟು. ಯಾರೂ ಎಂತದೂ ಕೇಳುವುದಿಲ್ಲ."

"ನಾನೂ ಕೇಳುವುದಿಲ್ಲ. ನನ್ನಷ್ಟಕ್ಕೆ ಅಡುಗೆಮನೆಯಲ್ಲಿ ಇರ್ತೇನೆ. ನೀವು ಜಗಲಿಯಲ್ಲಿ ಇರಿ. ಸ್ಟೂಲು ಹಿತ್ತಿಲಿಗೆ ಹಾಕಿದ್ದೇನೆ."

ಅವರು ಹಳಿಯ ಕಡೆ ನೋಡಿದರು. ಜೀವನದಲ್ಲಿ ಮೊದಲ ಬಾರಿ ನನಗೆ ಇಲ್ಲ ಎಂದದ್ದು ಆಗ. ಸ್ವರ ಎತ್ತಲಿಲ್ಲ.

"ನೀನು ಕೇಳದಿದ್ರೂ, ಅಲ್ಲಿ ನೀನು ಇರ್ತಿ ಅಲ್ವಾ" ಎಂದರು.

ಅದು ನನ್ನದೇ ಮಾತು. ಆ ಅಡುಗೆಮನೆಯಲ್ಲಿ, ಆ ಕಕ್ಕಸಿನ ತಗಡಿನ ಹಿಂದೆ ವರ್ಷಗಟ್ಟಲೆ ಅವರ ಬಗ್ಗೆ ನಾನು ಅಂದುಕೊಂಡದ್ದು ಅದನ್ನೇ. ಸುಮ್ಮನಿರಿ, ದೂರ ಕೂರಿ ಎಂದು ನಾನು ಗೊಣಗಿದ್ದೆಲ್ಲ ಬರೀ ಮೇಲಿನ ಮಾತು, ಒಳಗಿದ್ದದ್ದು ಇದು. ಅವರು ಅದನ್ನು ಇಷ್ಟು ಮರ್ಯಾದೆಯಲ್ಲಿ ಹೇಳಿಬಿಟ್ಟರು. ತಿರುಗಿ ಬೈಯಲೂ ಆಗದ ಹಾಗೆ.

ಎದ್ದು ನಿಂತೆ. ಬುರ್ಖಾದ ಅಂಚು ಬೆಂಚಿನ ಮೊಳೆಗೆ ಸಿಕ್ಕಿತ್ತು. ಅವರು ಬಗ್ಗಿ ಅದನ್ನು ಹರಿಯದ ಹಾಗೆ ಮೆಲ್ಲನೆ ಬಿಡಿಸಿಕೊಟ್ಟು, "ಜಾಗ್ರತೆ ಹೋಗು, ಬಿಸಿಲುಂಟು" ಎಂದರು.

ಮನೆಗೆ ಬರುವಾಗ ಬಾಯಿ ಮತ್ತೆ ಬಾವಿಕಟ್ಟೆಗೆ ಬಂದಿದ್ದರು.

"ನೆಂಟರು ಬಂದ್ರಾ?" ಎಂದು ಕೇಳಿದರು.

"ರಾತ್ರಿ ಬರ್ತಾರೆ" ಎಂದು ಹೇಳಿ ಒಳಗೆ ಹೋದೆ.